ಪೈಲಟ್‌ಗೆ ರೀಸೆನ್ಸಿ ಇಲ್ಲವೆಂದು ಚಾರ್ಟರ್ ವಿಮಾನ ರದ್ದುಪಡಿಸಿದರೆ ಅದು ನಿಜವಾದ ಕಾರಣವೇ, ನೆಪವೇ?

ಶಿರಸಿಯಲ್ಲಿರುವ ನಿಮ್ಮ ಮಾವನವರನ್ನು ಚಿಕಿತ್ಸೆಗಾಗಿ ಹುಬ್ಬಳ್ಳಿಯಿಂದ ಮುಂಬೈಗೆ ಕರೆದೊಯ್ಯಲು ಜುಲೈ ತಿಂಗಳಲ್ಲಿ ಸಣ್ಣ ವಿಮಾನವೊಂದನ್ನು ಬಾಡಿಗೆಗೆ ಗೊತ್ತುಮಾಡಿದ್ದಿರಿ. ವಿಮಾನ ಸಿದ್ಧವಿದೆ, ಪೈಲಟ್ ಕೂಡ ಇದ್ದಾರೆ, ಆದರೆ ಅವರಿಗೆ ರೀಸೆನ್ಸಿ (ಇತ್ತೀಚೆಗೆ ಅಗತ್ಯವಿದ್ದಷ್ಟು ಬಾರಿ ವಿಮಾನ ಹಾರಿಸಿದ ದಾಖಲೆ) ಇಲ್ಲ ಎಂದು ಹಿಂದಿನ ದಿನ ಸಂಜೆ ಕಂಪನಿಯವರು ಪ್ರಯಾಣ ರದ್ದುಪಡಿಸಿದರು. ಸಾವಿರಾರು ಗಂಟೆ ಹಾರಿದ ಪೈಲಟ್‌ಗೆ ಹಾರುವ ಅರ್ಹತೆ ಇಲ್ಲವೆಂದರೆ ನಂಬುವುದು ಹೇಗೆ ಎಂಬುದು ನಿಮ್ಮ ಪ್ರಶ್ನೆ. ನಾನು ಕುಮಟಾ ಕಡೆಯವನು. ಚಾರ್ಟರ್ ಕಂಪನಿಗಳಲ್ಲಿ ಫ್ಲೈಟ್ ಡಿಸ್ಪ್ಯಾಚರ್ ಆಗಿ ಹಾರಾಟದ ಯೋಜನೆ ಸಿದ್ಧಪಡಿಸುವ ಕೆಲಸ ಮಾಡಿದವನು. ಕಂಪನಿ ಕೊಟ್ಟ ಕಾರಣ ನಿಜವಿರುವ ಸಾಧ್ಯತೆಯೇ ಹೆಚ್ಚು ಎಂದು ನನಗೆ ಅನ್ನಿಸುತ್ತದೆ. ಆದರೆ ಅದನ್ನು ಕೊನೆಯ ಸಂಜೆ ತಿಳಿಸಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ, ಏಕೆಂದರೆ ರೀಸೆನ್ಸಿ ಯಾವ ದಿನ ಮುಗಿಯುತ್ತದೆ ಎಂಬುದು ತಿಂಗಳುಗಳ ಮೊದಲೇ ಗೊತ್ತಿರುತ್ತದೆ.

ಪೈಲಟ್ ಬಳಿ ಲೈಸೆನ್ಸ್ ಇದ್ದರೆ ಸಾಲದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದ ಪ್ರಕಾರ, ವಾಣಿಜ್ಯ ಹಾರಾಟದಲ್ಲಿ ವಿಮಾನ ನಡೆಸುವ ಪೈಲಟ್ ಹಿಂದಿನ 90 ದಿನಗಳಲ್ಲಿ ಅದೇ ಮಾದರಿಯ ವಿಮಾನದಲ್ಲಿ ಅಥವಾ ಅದಕ್ಕೆಂದು ಮಾನ್ಯತೆ ಪಡೆದ, ನೆಲದ ಮೇಲೇ ಹಾರಾಟವನ್ನು ಅನುಕರಿಸುವ ಸಿಮ್ಯುಲೇಟರ್‌ನಲ್ಲಿ ಕನಿಷ್ಠ 3 ಟೇಕಾಫ್ ಮತ್ತು 3 ಲ್ಯಾಂಡಿಂಗ್ ಮಾಡಿರಬೇಕು. ನಮ್ಮ ದೇಶದಲ್ಲಿ ಇದರ ಮೇಲ್ವಿಚಾರಣೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು (ಡಿಜಿಸಿಎ). ಅದರ ನಿಯಮಗಳ ಜೊತೆಗೆ ಪ್ರತಿಯೊಂದು ಕಂಪನಿಯ ಆಪರೇಷನ್ಸ್ ಮ್ಯಾನ್ಯುಯಲ್ (ಕಾರ್ಯಾಚರಣೆಯ ಕೈಪಿಡಿ) ಇನ್ನೂ ಬಿಗಿಯಾದ ಷರತ್ತುಗಳನ್ನು ಹಾಕಬಹುದು. ಇದಲ್ಲದೆ ವರ್ಷಕ್ಕೆ ಎರಡು ಬಾರಿ ಪ್ರೊಫಿಷಿಯನ್ಸಿ ಚೆಕ್ ಎಂಬ ಕೌಶಲದ ಪರೀಕ್ಷೆ, ವರ್ಷಕ್ಕೊಮ್ಮೆ ಉಪಕರಣಗಳನ್ನೇ ನಂಬಿ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆ, ಮೊದಲ ದರ್ಜೆಯ ವೈದ್ಯಕೀಯ ತಪಾಸಣೆ, ರೇಡಿಯೋ ಪರವಾನಗಿ ಇವೆಲ್ಲ ಇವೆ, ಮತ್ತು ಒಂದೊಂದರ ಅವಧಿಯೂ ಬೇರೆ ಬೇರೆ ದಿನ ಮುಗಿಯುತ್ತದೆ. ಇವುಗಳಲ್ಲಿ ಒಂದೇ ಒಂದು ದಿನಾಂಕ ದಾಟಿದ್ದರೂ ಆ ಪೈಲಟ್ ನಿಮ್ಮ ಮಾವನವರನ್ನು ಕೂರಿಸಿಕೊಂಡು ಹಾರುವಂತಿಲ್ಲ.

ದೊಡ್ಡ ವಿಮಾನಯಾನ ಕಂಪನಿಗಳಲ್ಲಿ ಈ ತೊಂದರೆ ಅಪರೂಪ, ಅಲ್ಲಿನ ಪೈಲಟ್ ಒಂದೇ ವಾರದಲ್ಲಿ ಹಲವು ಬಾರಿ ಇಳಿದು ಏರುತ್ತಾರೆ. ಒಂದೆರಡು ವಿಮಾನ, ಮೂರು ನಾಲ್ಕು ಪೈಲಟ್‌ಗಳನ್ನು ಇಟ್ಟುಕೊಂಡ ಚಾರ್ಟರ್ ಕಂಪನಿಯ ಪರಿಸ್ಥಿತಿ ಬೇರೆ. ಮದುವೆ ಮತ್ತು ಚುನಾವಣೆಯ ಕಾಲದಲ್ಲಿ ಬಿಡುವಿಲ್ಲದ ಕೆಲಸ. ಮಳೆಗಾಲದಲ್ಲಿ ವಿಮಾನ ವಾರಗಟ್ಟಲೆ ಹ್ಯಾಂಗರ್‌ನಲ್ಲೇ ನಿಂತಿರುತ್ತದೆ ಅಥವಾ ದೊಡ್ಡ ತಪಾಸಣೆಗೆ ಹೋಗಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಹಾರಿದ ಪೈಲಟ್‌ಗೆ ಜುಲೈ ಕೊನೆಯ ಹೊತ್ತಿಗೆ 90 ದಿನ ತುಂಬಿಬಿಡುತ್ತದೆ. ನಾನು ಕೆಲಸ ಮಾಡಿದ ಕಚೇರಿಯೊಂದರಲ್ಲಿ ಗೋಡೆಯ ಮೇಲೆ ಬಿಳಿ ಬೋರ್ಡ್ ಇತ್ತು. ಪೈಲಟ್‌ಗಳ ಹೆಸರಿನ ಮುಂದೆ ಕೊನೆಯ ಲ್ಯಾಂಡಿಂಗ್, ಚೆಕ್, ಮೆಡಿಕಲ್ ಎಂದು ಸಾಲಾಗಿ ಅಂಕಣಗಳು. ಅವಧಿ ಮುಗಿಯಲು ಒಂದು ತಿಂಗಳು ಉಳಿದಾಗ ಆ ದಿನಾಂಕವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಬರೆಯುತ್ತಿದ್ದೆವು. ಬುಕಿಂಗ್ ಫೋನ್ ಬಂದಾಗ ಮೊದಲು ಆ ಬೋರ್ಡ್ ನೋಡಿ, ಆಮೇಲೆ ದರ ಹೇಳುವುದು ಪದ್ಧತಿಯಾಗಿತ್ತು. ನಿಮ್ಮ ವಿಷಯದಲ್ಲಿ ಈ ಕ್ರಮ ತಲೆಕೆಳಗಾದಂತೆ ಕಾಣುತ್ತದೆ.

ಇನ್ನು ಹಾರಾಟದ ಯೋಜನೆಯ ಮಾತು, ಮತ್ತೆ ವಿಮಾನ ಗೊತ್ತುಮಾಡುವಾಗ ಇದೂ ತಿಳಿದಿರಲಿ. ಹುಬ್ಬಳ್ಳಿಯಿಂದ ಮುಂಬೈಗೆ ಅವಳಿ ಎಂಜಿನ್ನಿನ ಸಣ್ಣ ಟರ್ಬೊಪ್ರಾಪ್ (ಪ್ರೊಪೆಲ್ಲರ್ ಇರುವ) ವಿಮಾನಕ್ಕೆ ಸುಮಾರು ಒಂದು ಗಂಟೆಯ ದಾರಿ. ಆದರೆ ಒಂದು ಗಂಟೆಯ ಇಂಧನ ಹಾಕಿಕೊಂಡು ಯಾರೂ ಹೊರಡುವುದಿಲ್ಲ. ದಾರಿಯ ಇಂಧನದ ಶೇಕಡಾ 5 ಅಥವಾ 5 ನಿಮಿಷ ಆಕಾಶದಲ್ಲೇ ಕಾಯುವಷ್ಟು ಇಂಧನ, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಅನಿರೀಕ್ಷಿತ ಖರ್ಚಿಗೆಂದು ಬೇಕು. ಒಂದು ಗಂಟೆಯ ಶೇಕಡಾ 5 ಎಂದರೆ 3 ನಿಮಿಷ ಮಾತ್ರ, ಆದ್ದರಿಂದ ಇಲ್ಲಿ 5 ನಿಮಿಷದ ಲೆಕ್ಕವೇ ಅನ್ವಯಿಸುತ್ತದೆ. ಕೊನೆಗೆ ಮುಟ್ಟಲೇಬಾರದ 30 ನಿಮಿಷದ ಇಂಧನವೂ ಬೇಕು. ಇವೆರಡರ ನಡುವೆ ಇರುವುದೇ, ಮುಂಬೈನಲ್ಲಿ ಇಳಿಯಲಾಗದಿದ್ದರೆ ಹೋಗುವ ಬದಲಿ ವಿಮಾನ ನಿಲ್ದಾಣಕ್ಕೆ ಬೇಕಾದ ಇಂಧನ, ಮತ್ತು ಮಳೆಗಾಲದಲ್ಲಿ ಇಡೀ ಲೆಕ್ಕ ನಿಲ್ಲುವುದು ಇದರ ಮೇಲೆ. ಮುಂಬೈಗೆ ಪುಣೆ ಹತ್ತಿರ, ಆದರೆ ಅದು ವಾಯುಪಡೆಯ ನೆಲೆ, ಜೊತೆಗೆ ಜುಲೈನಲ್ಲಿ ಅಲ್ಲಿಯೂ ಮೋಡ ಕವಿದಿರಬಹುದು. ಅಹಮದಾಬಾದನ್ನು ಬದಲಿಯಾಗಿ ಹಿಡಿದರೆ ಇನ್ನೂ ಸುಮಾರು ಒಂದು ಗಂಟೆಯ ಇಂಧನ ಸೇರುತ್ತದೆ. ಹೀಗೆ ಒಂದು ಗಂಟೆಯ ಪ್ರಯಾಣಕ್ಕೆ ಎರಡೂವರೆ ಗಂಟೆಗೂ ಮೀರಿದ ಇಂಧನ ತುಂಬಬೇಕಾಗುತ್ತದೆ, ಅಷ್ಟು ತೂಕ ಏರಿದಾಗ ಒಬ್ಬ ಪ್ರಯಾಣಿಕರನ್ನೋ ಒಂದಷ್ಟು ಸಾಮಾನನ್ನೋ ಬಿಟ್ಟುಹೋಗಬೇಕಾಗಬಹುದು. ಚಾರ್ಟರ್ ಕಂಪನಿ ತೂಕ ಕೇಳಿದಾಗ ದಯವಿಟ್ಟು ಸರಿಯಾದ ತೂಕವನ್ನೇ ಹೇಳಿ.

ನಿಮ್ಮನ್ನು ಕರೆದೊಯ್ಯಲು ಖಾಲಿ ವಿಮಾನ ಹುಬ್ಬಳ್ಳಿಗೆ ಬರುವುದಕ್ಕೂ ಇದೇ ಲೆಕ್ಕ ಇದೆ. ಉತ್ತರ ಕನ್ನಡದಲ್ಲಿ ಪ್ರಯಾಣಿಕ ವಿಮಾನ ನಿಲ್ದಾಣವಿಲ್ಲ; ಅಂಕೋಲಾದ ಅಲಗೇರಿಯ ಯೋಜನೆ ಇನ್ನೂ ನಮ್ಮ ಕೈಗೆ ಬಂದಿಲ್ಲ. ಕರಾವಳಿಯ ಮೇಲೆ ಮಳೆ ಕಟ್ಟಿಕೊಂಡಾಗ ಗೋವಾದ ದಾಬೋಲಿಮ್, ಮೋಪಾ ಮತ್ತು ಮಂಗಳೂರು ಒಟ್ಟೊಟ್ಟಿಗೆ ಹದಗೆಡುವುದುಂಟು. ಆದ್ದರಿಂದ ಅಂಥ ದಿನ ಹುಬ್ಬಳ್ಳಿಗೆ ಬದಲಿಯನ್ನು ಘಟ್ಟದ ಕೆಳಗೆ ಹುಡುಕದೆ ಬೆಂಗಳೂರಿನ ಕಡೆ ಹುಡುಕುವುದು ನನ್ನ ಅಭ್ಯಾಸವಾಗಿತ್ತು. ಶಿರಸಿಯಲ್ಲಿ ಧೋ ಎಂದು ಸುರಿಯುವ ಮಳೆ ಮುಂಡಗೋಡ ದಾಟಿ ತಡಸದ ಹತ್ತಿರ ಬರುವಾಗ ಬರೀ ಜಿನುಗಾಗಿರುವುದನ್ನು ನೀವು ಬಸ್ಸಿನಲ್ಲೇ ನೋಡಿರುತ್ತೀರಿ. ಹಾಗಾಗಿ ನಿಮ್ಮ ಮನೆಯ ಅಂಗಳದ ಮಳೆ ನೋಡಿ ವಿಮಾನ ಬರುವುದಿಲ್ಲವೆಂದು ತೀರ್ಮಾನಿಸಬೇಡಿ, ಹುಬ್ಬಳ್ಳಿಯ ಆಕಾಶ ತಿಳಿಯಾಗಿದೆ ಎಂದು ಬಂದೇ ಬರುತ್ತದೆ ಎಂದೂ ಭಾವಿಸಬೇಡಿ, ಮುಂಬೈ ಮತ್ತು ಅದರ ಬದಲಿ ನಿಲ್ದಾಣದ ಹವಾಮಾನವೂ ಒಪ್ಪಬೇಕು.

ಫ್ಲೈಟ್ ಪ್ಲಾನ್ ಸಲ್ಲಿಸಿ, ವಾಯು ರಕ್ಷಣಾ ಅನುಮತಿಯ ಎಡಿಸಿ ಸಂಖ್ಯೆ ಮತ್ತು ಹಾರಾಟ ಮಾಹಿತಿ ಕೇಂದ್ರದ ಎಫ್‌ಐಸಿ ಸಂಖ್ಯೆ ಪಡೆಯುವುದು ದಿನನಿತ್ಯದ ಕೆಲಸ. ಅದಕ್ಕಿಂತ ಹೆಚ್ಚು ಕಾಡುವುದು ಸಣ್ಣ ನಿಲ್ದಾಣಗಳು ತೆರೆದಿರುವ ವೇಳೆ ಮತ್ತು ಮುಂಬೈನಲ್ಲಿ ಚಾರ್ಟರ್ ವಿಮಾನಕ್ಕೆ ಸ್ಲಾಟ್ (ಇಳಿಯಲು ಗೊತ್ತುಮಾಡಿದ ವೇಳೆ) ಸಿಗುವ ಗಳಿಗೆ. ಅದರ ಜೊತೆಗೆ ಪೈಲಟ್‌ಗಳ ಕರ್ತವ್ಯದ ಅವಧಿಯ ಮಿತಿಯೂ ಇದೆ. ಖಾಲಿ ವಿಮಾನವನ್ನು ಹುಬ್ಬಳ್ಳಿಗೆ ತಂದ ಸಮಯ, ಅಲ್ಲಿ ನಿಮಗಾಗಿ ಕಾದ ಸಮಯ, ಎಲ್ಲವೂ ಅದರೊಳಗೇ ಬರುತ್ತದೆ. ನೀವು ಹುಬ್ಬಳ್ಳಿಯ ದಾರಿಯಲ್ಲಿ ಎರಡು ಗಂಟೆ ತಡವಾದರೆ ಅವರ ಅವಧಿ ಅಷ್ಟು ಕರಗುತ್ತದೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಬಲಿ ತೆಗೆದುಕೊಂಡ ವಿಮಾನ ದುರಂತದ ತನಿಖೆಯಲ್ಲಿ, ಕ್ಯಾಪ್ಟನ್ ಹಾರಾಟದ ನಡುವೆ ದೀರ್ಘಕಾಲ ನಿದ್ದೆ ಮಾಡಿದ್ದರು ಎಂಬ ಸಂಗತಿ ಹೊರಬಂತು. ಕರಾವಳಿಯವರಾದ ನಾವು ಪೈಲಟ್‌ನ ವಿಶ್ರಾಂತಿಯ ನಿಯಮವನ್ನು ಬರಿಯ ಕಾಗದದ ಮಾತೆಂದು ತಿಳಿಯಲಾರೆವು.

ಈಗ ನೀವು ಮಾಡಬಹುದಾದದ್ದು. ಕಂಪನಿಗೆ ಬರವಣಿಗೆಯಲ್ಲಿ ಕೇಳಿ: ರೀಸೆನ್ಸಿ ಮುಗಿದದ್ದು ಯಾವ ದಿನ, ಅದು ಬುಕಿಂಗ್ ದಿನಕ್ಕಿಂತ ಮೊದಲೋ ಆಮೇಲೋ? ಮೊದಲೇ ಮುಗಿದಿದ್ದರೆ ಮುಂಗಡ ಪೂರ್ತಿ ಹಿಂದಿರುಗಿಸಬೇಕೆಂದು ಕೇಳುವುದು ನ್ಯಾಯವೇ. ಮತ್ತೆ ಅವರಲ್ಲೇ ಹೋಗುವುದಾದರೆ, ಪೈಲಟ್‌ನ ರೀಸೆನ್ಸಿಯನ್ನು ಯಾವಾಗ ಸರಿಪಡಿಸುತ್ತಾರೆ ಎಂದು ಕೇಳಿ. ಪ್ರಯಾಣಿಕರಿಲ್ಲದೆ, ಅರ್ಹ ತರಬೇತುದಾರರೊಂದಿಗೆ ಹಾರಿ ಮೂರು ಬಾರಿ ಇಳಿದೇಳಲು ಹವಾಮಾನ ಒಪ್ಪಿದರೆ ಅರ್ಧ ದಿನ ಸಾಕು. ಮಾನ್ಯತೆ ಪಡೆದ ಸಿಮ್ಯುಲೇಟರ್‌ಗೆ ಹೋಗಬೇಕಾದರೆ ಹೆಚ್ಚು ದಿನ ಹಿಡಿಯುತ್ತದೆ. ಈ ನಡುವೆ ಯಾರಾದರೂ ಕಡಿಮೆ ದರಕ್ಕೆ, ಖಾಸಗಿ ಬಳಕೆಯ ವಿಮಾನದಲ್ಲಿ ನಾಳೆಯೇ ಕಳಿಸಿಕೊಡುತ್ತೇನೆ ಎಂದರೆ ಒಪ್ಪಬೇಡಿ. ಬಾಡಿಗೆಗೆ ಹಾರಲು ಡಿಜಿಸಿಎಯ ನಾನ್-ಶೆಡ್ಯೂಲ್ಡ್ ಆಪರೇಟರ್ ಪರ್ಮಿಟ್ (ನಿಗದಿತ ವೇಳಾಪಟ್ಟಿಯಿಲ್ಲದೆ ಬಾಡಿಗೆಗೆ ಹಾರಿಸುವ ಪರವಾನಗಿ) ಇರಬೇಕು, ನಿಮಗೆ ಕೊಡುವ ವಿಮಾನದ, ವಿಟಿ ಎಂದು ಶುರುವಾಗುವ ನೋಂದಣಿ ಸಂಖ್ಯೆ ಆ ಪರ್ಮಿಟ್‌ನಲ್ಲಿ ಸೇರಿರಬೇಕು. ಈ ಎರಡನ್ನೂ ಹಣ ಕಟ್ಟುವ ಮೊದಲು ಕೇಳಿ ಪಡೆದುಕೊಳ್ಳಿ. ಮಾವನವರು ಕುಳಿತು ಪ್ರಯಾಣಿಸಬಲ್ಲರು ಎಂದು ವೈದ್ಯರು ಹೇಳಿದರೆ ಗೋವಾದಿಂದ ಮುಂಬೈಗೆ ನಿತ್ಯ ಹಾರುವ ಪ್ರಯಾಣಿಕ ವಿಮಾನಗಳಿವೆ; ಚಿಕಿತ್ಸೆಯ ದಿನಾಂಕ ಹತ್ತಿರವಿದ್ದರೆ ನಾನು ಮೊದಲು ಆ ಟಿಕೆಟನ್ನೇ ವಿಚಾರಿಸುತ್ತಿದ್ದೆ.