ಮೇಷ್ಟ್ರನ್ನು ಕೇಳಿ: ಶಿವಮೊಗ್ಗದಿಂದ ಕಲಬುರಗಿ, ಗಾಳಿಯಲ್ಲಿ ಎಷ್ಟು ದೂರ?

ಪ್ರಶ್ನೆ: ಮೇಷ್ಟ್ರೇ, ಮಗಳನ್ನು ಕಲಬುರಗಿಗೆ ಕೊಟ್ಟಿದ್ದೇವೆ. ಶಿವಮೊಗ್ಗದಿಂದ ಅಲ್ಲಿಗೆ ನೇರ ವಿಮಾನ ಬಂತು ಅಂತಿಟ್ಟುಕೊಳ್ಳಿ, ಎಷ್ಟು ಹೊತ್ತಿನ ದಾರಿ? ಅಳಿಯಂದಿರು ಮುಕ್ಕಾಲು ಗಂಟೆ ಅಂತಾರೆ. ನಂಬಬಹುದಾ?
– ಓದುಗರೊಬ್ಬರು, ಕಡೂರು

ಉತ್ತರ: ಅಳಿಯಂದಿರ ಲೆಕ್ಕ ತಪ್ಪಲ್ಲ, ಅರ್ಧಕ್ಕೇ ನಿಂತಿದೆ.

ಮೊದಲು ದೂರ ನೋಡೋಣ. ಶಿವಮೊಗ್ಗದ ಸೋಗಾನೆ ಏರ್‌ಪೋರ್ಟ್ ಇರುವುದು 13.85 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಕಲಬುರಗಿಯದು 17.31ರಲ್ಲಿ. ಒಂದು ಡಿಗ್ರಿಗೆ 111 ಕಿ.ಮೀ. ಹಿಡಿದರೆ ಉತ್ತರಕ್ಕೆ 384 ಕಿ.ಮೀ. ಆಯಿತು. ಪೂರ್ವಕ್ಕೂ 1.35 ಡಿಗ್ರಿ ಸರಿಯಬೇಕು. ರೇಖಾಂಶಗಳು ಧ್ರುವದ ಕಡೆ ಹೋದ ಹಾಗೆ ಹತ್ತಿರವಾಗುತ್ತವಲ್ಲ, ಅದಕ್ಕೆ ನಮ್ಮ ಕಡೆ ಅವುಗಳ ಒಂದು ಡಿಗ್ರಿಗೆ 107 ಕಿ.ಮೀ. ಮಾತ್ರ. ಅದು 144. ಹೈಸ್ಕೂಲಿನಲ್ಲಿ ಶಾಪ ಹಾಕುತ್ತಾ ಕಲಿತ ಪೈಥಾಗೊರಸ್ ಇಲ್ಲಿ ಕೆಲಸಕ್ಕೆ ಬರುತ್ತಾನೆ: ಕರ್ಣ ಸುಮಾರು 410 ಕಿ.ಮೀ.

ಸಣ್ಣ ಊರುಗಳ ನಡುವೆ ಹೆಚ್ಚಾಗಿ ಓಡುವುದು ಫ್ಯಾನ್ ತಿರುಗುವ ಎಟಿಆರ್ ವಿಮಾನ. ಮೇಲೇರಿದ ಮೇಲೆ ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. ಭಾಗಿಸಿದರೆ 49 ನಿಮಿಷ. ಅಳಿಯಂದಿರು ನಿಂತಿದ್ದು ಇಲ್ಲೇ.

ಆದರೆ ಟಿಕೆಟ್ಟಿನಲ್ಲಿ ಅಚ್ಚಾಗುವ ಹೊತ್ತು ಹಾರಾಟದ್ದಷ್ಟೇ ಅಲ್ಲ. ನಿಂತ ಜಾಗದಿಂದ ಕದಲಿದಾಗ ಶುರುವಾಗಿ, ಆ ಕಡೆ ಹೋಗಿ ನಿಲ್ಲುವ ತನಕ ಅದು ಓಡುತ್ತದೆ. ವಿಮಾನ ಗಾಳಿಗೆ ಎದುರಾಗಿ ಮೇಲೇಳಬೇಕು. ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ ಪಶ್ಚಿಮಕ್ಕೇ ಹಾರಿ ಆಮೇಲೆ ತಿರುಗಬೇಕು. ಏರುವಾಗ, ಇಳಿಯುವಾಗ ವೇಗವೂ ಕಮ್ಮಿ. ಇದಕ್ಕೆಲ್ಲ 20-25 ನಿಮಿಷ ಸೇರಿಸಿ, ಒಂದೂಕಾಲು ಗಂಟೆ ಅನ್ನಿ.

ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ, ಪಾಪಾ ವೆಸ್ಟ್ರೇ ಅಂತ ಎರಡು ಪುಟ್ಟ ಏರ್‌ಪೋರ್ಟ್‌ಗಳಿವೆ. ನಡುವಿನ ದೂರ 2.7 ಕಿ.ಮೀ. ಮಾತ್ರ! ವೇಳಾಪಟ್ಟಿಯಲ್ಲಿ 2 ನಿಮಿಷ. ಗಾಳಿ ಒಲಿದ ದಿನ 53 ಸೆಕೆಂಡಿನಲ್ಲಿ ಮುಗಿಸಿದ್ದೂ ಉಂಟು. ನಮ್ಮ ಸೋಗಾನೆಯ ರನ್‌ವೇನೇ 3 ಕಿ.ಮೀ.ಗೂ ಜಾಸ್ತಿ ಉದ್ದ ಇದೆ. ಅಂದರೆ ಅವರ ಪೂರ್ತಿ ಪ್ರಯಾಣ ನಮ್ಮ ರನ್‌ವೇ ಒಳಗೇ ಮುಗಿದುಹೋಗುತ್ತೆ, ಅಲ್ವಾ?

ಇನ್ನು ನನ್ನ ಕಥೆ. ಒಮ್ಮೆ ಮದುವೆಗೆ ಅಂತ ಬೆಂಗಳೂರಿನಿಂದ ಕಲಬುರಗಿಗೆ ವಿಮಾನ ಹಿಡಿಯಲು ಬೆಳಗಿನ ಜಾವ 4ಕ್ಕೆ ಹಾಸನ ಬಿಟ್ಟೆ. ನೆಲಮಂಗಲದ ಹತ್ತಿರ ಟ್ರಾಫಿಕ್ಕು. ಏರ್‌ಪೋರ್ಟ್ ಮುಟ್ಟಿದರೆ ವಿಮಾನ ಎರಡು ಗಂಟೆ ಲೇಟು. ಗಾಳಿಯಲ್ಲಿದ್ದದ್ದು ಒಂದು ಗಂಟೆ ಚಿಲ್ಲರೆ. ಛತ್ರ ಸೇರುವಾಗ ಎಲೆ ಎತ್ತಿ ನೆಲ ಒರೆಸುತ್ತಿದ್ದರು. ಒಬ್ಬ ಪುಣ್ಯಾತ್ಮ ಎರಡು ಜೋಳದ ರೊಟ್ಟಿ, ಎಣಗಾಯಿ ತಂದಿಟ್ಟ.

ವಾಪಸ್ ಬರುವಾಗ ಹಾಸನದ ರೈಲು ಹತ್ತಿ ಮಲಗಿಬಿಟ್ಟೆ. ಹಾಗಾಗಿ ನೀವು ಅಳಿಯಂದಿರ ಮುಕ್ಕಾಲು ಗಂಟೆಗೆ ಕಡೂರಿನಿಂದ ಸೋಗಾನೆಯ ದಾರಿ, ಚೆಕ್-ಇನ್, ಆ ಕಡೆಯ ಆಟೋ ಎಲ್ಲ ಕೂಡಿಸಿ ನೋಡಿ. ಮಗಳ ಮನೆ ಬಾಗಿಲಿಗೆ ಆರು ಗಂಟೆಗೆ ಕಮ್ಮಿ ಬರುವುದು ಕಷ್ಟ.