ಆ ಸಾಲು, ಈ ಸಾಲ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಕ್ರೈಸ್ತ ಕುಟುಂಬ. ಎರಡು ವರ್ಷದ ಹಿಂದೆ ಕೊಳೆರೋಗಕ್ಕೆ ಅಣ್ಣನ ತೋಟದ ಅಡಿಕೆ ಉದುರಿಹೋದಾಗ 2 ಲಕ್ಷ ಕೈಸಾಲ ಕೊಟ್ಟೆವು. ಈ ಸಲ ಫಸಲೂ ಬಂತು, ಮಂಡಿಯಿಂದ ದುಡ್ಡೂ ಬಂತು. ಅವನು ಕಾರು ತಗೊಂಡ. ಸಾಲದ ಮಾತೇ ಇಲ್ಲ. ಮಗಳ ಫೀಸಿಗೆ ನಾನು ಬಳೆ ಅಡವಿಟ್ಟೆ. ರಾತ್ರಿ ಪ್ರಾರ್ಥನೆಗೆ ಕೂತು, ಯೇಸು ಕಲಿಸಿದ 'ನಮ್ಮ ತಂದೆಯೇ' ಪ್ರಾರ್ಥನೆಯಲ್ಲಿ ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ಎಂಬ ಸಾಲಿಗೆ ಬಂದರೆ ನಾಲಿಗೆ ಏಳುವುದಿಲ್ಲ. ಅಮ್ಮ 'ಒಡಹುಟ್ಟಿದವನು, ಬಿಟ್ಟುಬಿಡು' ಅನ್ನುತ್ತಾರೆ. ಬಿಡಬೇಕಾ?

ಉತ್ತರ: ಬಿಡಬೇಡಿ. ದುಡ್ಡು ವಾಪಸ್ ಕೇಳಿದ ಮಾತ್ರಕ್ಕೆ ಕ್ಷಮಿಸಿಲ್ಲ ಅಂತಲ್ಲ.

ನೀವು ತಡವರಿಸುವ ಜಾಗ ಸರಿಯಾಗಿಯೇ ಇದೆ. ಇಡೀ ಪ್ರಾರ್ಥನೆಯಲ್ಲಿ ನಾವು ಮಾಡುತ್ತೇವೆ ಅಂತ ಒಪ್ಪಿಕೊಳ್ಳುವ ಕೆಲಸ ಅದೊಂದೇ. ಎಷ್ಟೋ ಜನ ಅದನ್ನು ಗಡಗಡ ಹೇಳಿ ಊಟಕ್ಕೆ ಏಳುತ್ತಾರೆ. ಇನ್ನೊಂದು ವಿಷಯ. ಈ ಪ್ರಾರ್ಥನೆ ಬರುವ ಬೈಬಲಿನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ, ಮೂಲ ಗ್ರೀಕಿನಲ್ಲಿ, 'ತಪ್ಪು' ಎನ್ನುವ ಕಡೆ ಇರುವ ಪದಕ್ಕೆ 'ಸಾಲ' ಅಂತಲೇ ಅರ್ಥ. ಅಮ್ಮನಿಗೆ ಇದನ್ನು ಹೇಳಬೇಡಿ, ಅವರ ವಾದಕ್ಕೆ ಬಲ ಬಂದುಬಿಡುತ್ತದೆ!

ಅದೇ ಸುವಾರ್ತೆಯ 18ನೇ ಅಧ್ಯಾಯ ತೆಗೆಯಿರಿ. ಅಲ್ಲಿ ಯೇಸು ಹೇಳುವ ಕಥೆಯಲ್ಲಿ ರಾಜ ಸಾಲ ಮನ್ನಾ ಮಾಡುವುದು ತೀರಿಸಲು ಏನೂ ಇಲ್ಲದ ಆಳಿಗೆ. ನಿಮ್ಮ ಅಣ್ಣನಿಗೆ ಕಾರಿದೆ. ಅದಕ್ಕೂ ಮೊದಲೇ ಒಂದು ಮಾತು ಬರುತ್ತದೆ: ಸಹೋದರ ತಪ್ಪು ಮಾಡಿದರೆ, ನೀವಿಬ್ಬರೇ ಇರುವಾಗ ಹೋಗಿ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದುಕೊಂಡು ಹೋಗು. ಏಳೆಪ್ಪತ್ತು ಸಾರಿ ಕ್ಷಮಿಸು ಎನ್ನುವುದು ಆಮೇಲೆ. ಈ ಎರಡು ವರ್ಷದಲ್ಲಿ ಅಣ್ಣನನ್ನು ಒಂದು ಸಲವಾದರೂ ನೇರವಾಗಿ ಕೇಳಿದಿರಾ? ಪತ್ರದಲ್ಲಿ ಅದಿಲ್ಲ.

ಚರ್ಚಿನ ಅಂಗಳದಲ್ಲಿ ಬೇಡ, ಅತ್ತಿಗೆ ಎದುರೂ ಬೇಡ. ತೋಟಕ್ಕೇ ಹೋಗಿ. 'ಅಣ್ಣಾ, ನನ್ನ ಬಳೆ ಅಡವಿದೆ. ತಿಂಗಳಿಗೆ ಎಷ್ಟು ಕೊಡ್ತೀಯ ಹೇಳು' ಅಂದರೆ ಸಾಕು. ಕಾರಿನ ಸುದ್ದಿ ಎತ್ತಬೇಡಿ, ಮಾತು ಅಲ್ಲಿಗೇ ಮುಗಿಯುತ್ತದೆ. ಒಪ್ಪಿದರೆ ಒಂದು ಹಾಳೆಯಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ. ಕೈಸಾಲದ ದಾವೆಗೆ ಸಾಮಾನ್ಯವಾಗಿ 3 ವರ್ಷ ಗಡುವು. ಅದರೊಳಗೆ ಸಾಲ ಒಪ್ಪಿ ಬರೆದುಕೊಟ್ಟರೆ ಗಡುವು ಹೊಸದಾಗಿ ಶುರುವಾಗುತ್ತದೆ. ಕೋರ್ಟಿಗೆ ಹೋಗಿ ಅಂತಲ್ಲ. ಬರಹ ಕೈಯಲ್ಲಿದ್ದರೆ ರಾತ್ರಿಯೆಲ್ಲ ಲೆಕ್ಕ ಹಾಕುವುದು ತಪ್ಪುತ್ತದೆ.

ಇನ್ನು ಕ್ಷಮೆ. ಅದೇ ಪ್ರಾರ್ಥನೆಯಲ್ಲಿ ಆಹಾರವನ್ನು ಇವತ್ತಿನ ಮಟ್ಟಿಗೆ ಕೇಳಿಕೊಳ್ಳುತ್ತೀರಿ, ಅದರ ಬೆನ್ನಿಗೇ ಈ ಸಾಲು ಬರುತ್ತದೆ, ಅಲ್ವಾ? ಕ್ಷಮೆಯೂ ಇವತ್ತಿನ ಮಟ್ಟಿಗೆ ಸಾಕು. ಇವತ್ತು ನೆಂಟರ ಹತ್ತಿರ ಅವನನ್ನು ಆಡಿಕೊಳ್ಳಲಿಲ್ಲ, ಅಷ್ಟು. ನಿಮ್ಮ ಚರ್ಚಿನಲ್ಲಿ ಪ್ರಾರ್ಥನೆ ಆದಮೇಲೆ ಅಕ್ಕಪಕ್ಕದವರಿಗೆ ಶಾಂತಿ ಕೋರುವ ರೂಢಿ ಇದ್ದರೆ, ಅಣ್ಣನ ಕಡೆಗೂ ತಿರುಗಿ ಕೈ ಮುಗಿಯಿರಿ. ಮುಖ ನೋಡಲಾಗದಿದ್ದರೆ ಅವನ ಅಂಗಿಯ ಗುಂಡಿ ನೋಡಿ ಮುಗಿಯಿರಿ.

ಮನೆಯಲ್ಲಿ ಆ ಸಾಲು ಬಾಯಿಗೆ ಬರದ ದಿನ ಸುಮ್ನೆ ಕೂತಿರಿ. ಆ ಪ್ರಾರ್ಥನೆಯಲ್ಲಿ 'ನನ್ನ' ಅಂತ ಎಲ್ಲೂ ಇಲ್ಲ, ಇರುವುದೆಲ್ಲ 'ನಮ್ಮ'. ನಿಮ್ಮ ಪಾಲಿನದನ್ನೂ ಅಮ್ಮ ಹೇಳುತ್ತಿರುತ್ತಾರೆ.