ದಡ ಸೇರಿದ ಮೇಲಿನ ನಾಲ್ಕು ದಿನ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹತ್ತೊಂಬತ್ತರ ಹುಡುಗ, ಸರಕು ಹಡಗಿನಲ್ಲಿ ಡೆಕ್ ಕೆಡೆಟ್, ಅಂದರೆ ತರಬೇತಿಯಲ್ಲಿರುವ ಅಧಿಕಾರಿ. ಹಡಗು ಮುಳುಗಿ ಏಳು ವಾರವಾದ ಮೇಲೆ ತಾಯಿ ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆದುಕೊಂಡು ಬಂದರು. "ರಾತ್ರಿ ಶೂ ಬಿಚ್ಚದೆ ಮಲಗುತ್ತಾನೆ, ಅದೊಂದನ್ನು ಬಿಡಿಸಿದರೆ ಸಾಕು" ಎಂದರು.

ಮೊದಲ ಭೇಟಿಯಲ್ಲಿ ಹುಡುಗ ನಿರರ್ಗಳವಾಗಿ ಮಾತನಾಡಿದ. ಸರಕು ಒಂದು ಬದಿಗೆ ಜಾರಿ ಹಡಗು ವಾಲಿದ್ದು, ಜೀವರಕ್ಷಕ ತೆಪ್ಪದಲ್ಲಿ ಆರು ಜನ ಎರಡು ರಾತ್ರಿ ಕಳೆದದ್ದು, ತೆಪ್ಪದ ಹೊದಿಕೆಯಿಂದ ಮಳೆನೀರು ಹಿಡಿದದ್ದು. ನಗಿಸಬೇಕಾದಲ್ಲಿ ನಗಿಸಿದ. ನೆಂಟರಿಷ್ಟರಿಗೆ ಹೇಳಿ ಹೇಳಿ ಪಳಗಿದ ಕಥೆ. ಆದರೆ ತೆಪ್ಪ ದಡ ಮುಟ್ಟಿದೊಡನೆ ಅದು "ಆಮೇಲೆ ಪಾರಾದೆವು" ಎಂಬಲ್ಲಿಗೆ ಹಾರಿತು. ನಡುವೆ ನಾಲ್ಕು ದಿನ ಕಾಣೆ. ನಾನು ಕೆದಕಲಿಲ್ಲ. ಕೆದಕಿದರೆ ಇನ್ನೊಂದು ಪಳಗಿದ ಕಥೆ ಹುಟ್ಟುತ್ತದೆ.

ನಾಲ್ಕನೆಯ ಭೇಟಿಯಲ್ಲಿ ಅವನೇ ಬಾಯಿಬಿಟ್ಟ. ದಡದಲ್ಲಿ ಕಂಡ ಜನರನ್ನು ಕೈಬೀಸಿ ಕರೆದವನು ಇವನು. ಬಂದವರ ಕೈಯಲ್ಲಿ ಕತ್ತಿಗಳಿದ್ದವು. ಎಲ್ಲರ ಶೂ ಬಿಚ್ಚಿಸಿಕೊಂಡು ಶೆಡ್ಡಿನಲ್ಲಿ ಕೂಡಿಹಾಕಿದರು. ಹಿರಿಯ ನಾವಿಕರೊಬ್ಬರನ್ನು ಹೊಡೆಯುವಾಗ ಇವನು ಗೋಡೆಗೆ ಮುಖಮಾಡಿ ನಿಂತಿದ್ದ. ಕೊನೆಯ ರಾತ್ರಿ ಬರಿಗಾಲಿನಲ್ಲಿ ಬಂಡೆಗಳ ಮೇಲೆ ಓಡಿ ತಪ್ಪಿಸಿಕೊಂಡರು. "ಕಡಲಿನಲ್ಲಿ ಏನು ಮಾಡಬೇಕೆಂದು ಕಲಿಸಿದ್ದರು. ದಡದಲ್ಲಿ ನಾನು ಏನೂ ಮಾಡಲಿಲ್ಲ" ಎಂದ.

ಹೊಡೆದಾಡಲೂ ಓಡಲೂ ದಾರಿಯಿಲ್ಲದಾಗ ಮೈ ತಾನಾಗಿಯೇ ಮರಗಟ್ಟುತ್ತದೆ, ಅದು ನಮ್ಮ ಅಪ್ಪಣೆಗೆ ಕಾಯುವುದಿಲ್ಲ, ಅದು ಹೇಡಿತನವೂ ಅಲ್ಲ ಎಂದು ವಿವರಿಸಿದೆ. ಕೈಬೀಸಿದ್ದರ ಬಗ್ಗೆ ಸಮಾಧಾನ ಹೇಳಲು ಹೋಗಲಿಲ್ಲ. "ನಿನ್ನ ಜಾಗದಲ್ಲಿ ನಿನ್ನ ಗೆಳೆಯನಿದ್ದಿದ್ದರೆ?" ಎಂದಷ್ಟೇ ಕೇಳಿದೆ. ಬಹಳ ಹೊತ್ತಿನ ಮೇಲೆ, "ಅವನೂ ಕೈಬೀಸುತ್ತಿದ್ದ" ಎಂದ.

ಲಕ್ಷಣಗಳು ಒಂದು ತಿಂಗಳು ಮೀರಿದ್ದರಿಂದ, ಆಘಾತೋತ್ತರ ಒತ್ತಡದ ಕಾಯಿಲೆ ಇದೆಯೇ ಎಂದು ನೋಡಲು ಮನೋವೈದ್ಯರ ಬಳಿ ಕಳಿಸಿದ್ದೆ. ಅವರು ಇದೆ ಎಂದರು. ಆಘಾತ ಕೇಂದ್ರಿತ ಅರಿವಿನ ವರ್ತನಾ ಚಿಕಿತ್ಸೆ (ಆಘಾತದ ನೆನಪನ್ನೂ ಅದರ ಸುತ್ತಲಿನ ಯೋಚನೆಗಳನ್ನೂ ಮೆಲ್ಲಗೆ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆ) ಶುರುವಾಯಿತು. ನಿದ್ದೆಗೆಂದು ಹಿಡಿದಿದ್ದ ಮದ್ಯವನ್ನು ಬಿಡಲು ಹೇಳಿದೆ. ತಾಯಿಗೆ ಹೇಳಿದ್ದು ಎರಡೇ ಮಾತು: ಬಂದವರ ಮುಂದೆ "ಆ ಕಥೆ ಹೇಳಪ್ಪ" ಎನ್ನಬೇಡಿ, ಶೂ ವಿಷಯಕ್ಕೆ ಜಗಳವಾಡಬೇಡಿ.

ಹಣದ ಚಿಂತೆಯೂ ಇತ್ತು. ಅದು ನಮ್ಮ ಕೆಲಸವಲ್ಲ ಎನ್ನುವ ಸಹೋದ್ಯೋಗಿಗಳಿದ್ದಾರೆ, ನಾನು ಒಪ್ಪುವುದಿಲ್ಲ. ನಾವಿಕರ ಹಕ್ಕುಗಳ ಕುರಿತ 2006ರ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ, ಹಡಗು ಮುಳುಗಿ ಕೆಲಸ ಕಳೆದುಕೊಂಡ ನಾವಿಕರಿಗೆ ಹಡಗಿನ ಮಾಲೀಕರು ಪರಿಹಾರ ಕೊಡಬೇಕು. ಅದನ್ನು 2 ತಿಂಗಳ ವೇತನಕ್ಕೆ ಮಿತಿಗೊಳಿಸಲು ಅವಕಾಶವಿದೆ. ನಾವಿಕರ ಸಂಘದ ಮೂಲಕ ಕೇಳಲು ಹೇಳಿದೆ. ಅರ್ಜಿ ಕಳಿಸಿದ ವಾರದಲ್ಲಿ ಎರಡು ರಾತ್ರಿ ನೆಟ್ಟಗೆ ನಿದ್ದೆ ಮಾಡಿದನಂತೆ.

ಹನ್ನೊಂದನೆಯ ಭೇಟಿಯಲ್ಲಿ ಶೂ ಬಗ್ಗೆ ಕೇಳಿದೆ. ಈಗ ಮಂಚದ ಕೆಳಗಿಡುತ್ತಾನೆ, ಮೂತಿ ಬಾಗಿಲ ಕಡೆಗೆ, ಲೇಸ್ ಸಡಿಲಿಸಿ.